ಅಪ್ಪನ ಎಡೆಯೂ ಶನಿಗ್ರಹದ ಕೊನೆಯ ಕಂತೂ

ನಾನು ಯಾವ ಕೆಲಸವನ್ನೂ ಯೋಜನೆ ಇಲ್ಲದೆ ಮಾಡುವವನಲ್ಲ. ಹೊಳೆನರಸೀಪುರದ ಬಸ್‌ಸ್ಟ್ಯಾಂಡ್ ಪಕ್ಕ ಝೆರಾಕ್ಸ್ ಅಂಗಡಿ ಇಟ್ಟುಕೊಂಡವನಿಗೆ ಯೋಜನೆ ಯಾತಕ್ಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಧಾಳೂ ಅದನ್ನೇ ಕೇಳುತ್ತಾಳೆ. ಆದರೆ ಬಾಹ್ಯಾಕಾಶದ ಧಾರಾವಾಹಿಗಳನ್ನು ಶ್ರದ್ಧಾಭಕ್ತಿಯಿಂದ ನೋಡಿದವನಿಗೆ ಒಂದು ಸತ್ಯ ಗೊತ್ತಿರುತ್ತದೆ. ನೌಕೆ ಎಷ್ಟೇ ಗಟ್ಟಿಯಾಗಿರಲಿ, ಯೋಜನೆ ಇಲ್ಲದಿದ್ದರೆ ಉಲ್ಕೆಗೆ ಡಿಕ್ಕಿ ಹೊಡೆಯುವುದು ಖಾತ್ರಿ! ಹೋದ ಮಹಾಲಯ ಅಮಾವಾಸ್ಯೆಯ ಸಂಜೆಗೆ ನಾನು ಹಾಕಿಕೊಂಡ ಯೋಜನೆಯಲ್ಲಿ ಒಂದೇ ಒಂದು ಲೋಪವೂ ಇರಲಿಲ್ಲ. ಲೋಪ ಇದ್ದದ್ದು ನನ್ನ ಹೊಟ್ಟೆಯಲ್ಲಿ.

ಧಾರಾವಾಹಿಯ ಹೆಸರು 'ಶನಿಗ್ರಹದಾಚೆ'. ಕ್ಯಾಪ್ಟನ್ ಜೋರಾನ್ ಎಂಬಾತ ಭೂಮಿಯಿಂದ ಹೊರಟು, ದಾರಿ ತಪ್ಪಿ, ನಾಲ್ಕು ಭಾಗಗಳ ಉದ್ದಕ್ಕೂ ಮನೆಗೆ ಹೋಗಲು ಒದ್ದಾಡುವ ಕಥೆ. ಇಂಗ್ಲಿಷಿನದು. ಕನ್ನಡಕ್ಕೆ ಡಬ್ ಮಾಡಿ ಟಿವಿಯಲ್ಲಿ ಹಾಕುತ್ತಾರೆ. ಸುಧಾಗೆ ಕಥೆಯ ಮೇಲೆ ಸಿಟ್ಟಿಲ್ಲ, ಹೆಸರಿನ ಮೇಲೆ ಸಿಟ್ಟು. "ದೀಪ ಅಚ್ಚೋ ಒತ್ನಲ್ಲಿ ಮನೇಲಿ ಶನಿ ಹೆಸ್ರು ಏಳ್ಬೇಡಿ ಅಂತ ಎಷ್ಟ್ ಸಲ ಬಡ್ಕಳ್ಳಿ? ನಮ್ಗಿರೋ ಶನಿ ಸಾಲ್ದಾ?" ಎನ್ನುತ್ತಾಳೆ. ಇರುವ ಶನಿ ಯಾವುದು ಎಂದು ನಾನು ಇದುವರೆಗೆ ಕೇಳಿಲ್ಲ. ಉತ್ತರ ಗೊತ್ತಿರುವ ಪ್ರಶ್ನೆ ಕೇಳಬಾರದು.

ಈ ಹುಚ್ಚು ನನಗೆ ಒಬ್ಬನಿಗೇ ಇದ್ದದ್ದಲ್ಲ. ಅಪ್ಪನಿಗೂ ಇತ್ತು. ಕೊನೆಗಾಲದಲ್ಲಿ ಅಪ್ಪ ಹಿತ್ತಲ ಕಡೆಯ ಕೋಣೆಯಲ್ಲಿ ಮಲಗಿರುತ್ತಿದ್ದರು. ಅವರಿಗೆ ಬೇಜಾರಾಗದಿರಲಿ ಎಂದು ಟಿವಿಯನ್ನು ಅಲ್ಲಿಗೇ ಸಾಗಿಸಿ, ಡಿಶ್ಶಿನ ವೈರನ್ನು ಆ ಗೋಡೆಯಲ್ಲೇ ತೂತು ಮಾಡಿ ಎಳೆದಿದ್ದೆ. ಮೊದಲನೇ ಭಾಗವನ್ನು ಪೂರ್ತಿ ಇಬ್ಬರೂ ಮಂಚದ ಮೇಲೆ ಕೂತು ನೋಡಿದೆವು. ಬಾಯಲ್ಲಿ ಒಂದೂ ಹಲ್ಲಿಲ್ಲದ ಅಪ್ಪ, ಕಜ್ಜಾಯವನ್ನು ಹಾಲಲ್ಲಿ ನೆನೆಸಿಕೊಂಡು ಚೀಪುತ್ತಾ, ಮಧ್ಯೆ ಮಧ್ಯೆ ಖೊಕ್ ಖೊಕ್ ಎಂದು ಕೆಮ್ಮುತ್ತಾ, ಪ್ರತಿ ಕಂತು ಮುಗಿದಾಗಲೂ ಅದೇ ಪ್ರಶ್ನೆ ಕೇಳುತ್ತಿದ್ದರು. "ಆ ವಯ್ಯ ಕೊನೀಗೆ ಊರಿಗೆ ಓಯ್ತಾನೇನ್ಲಾ?" "ನೋಡೋಣ ಇರಪ್ಪ" ಎನ್ನುತ್ತಿದ್ದೆ. ಎರಡನೇ ಭಾಗ ಶುರುವಾಗುವ ಮೊದಲೇ ಅಪ್ಪ ಹೋಗಿಬಿಟ್ಟರು.

ಅಪ್ಪನ ತಿಥಿಯ ದಿನ ಜಗಳವಾಯಿತು. ನಮ್ಮಣ್ಣ ಪುಟ್ಟಸ್ವಾಮಿ ಅರಕಲಗೂಡಿನಲ್ಲಿರುವುದು. ಮಾತು ಕಡಿಮೆ. ಆಡಿದರೆ ಕೊಡಲಿ ಪೆಟ್ಟು. ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, "ಅಪ್ಪ ಕೆಮ್ಮಿ ಕೆಮ್ಮಿ ಸಾಯ್ತಿದ್ರೆ ಇವ್ನು ಟಿವಿ ಮುಂದೆ ಕುಂತಿದ್ದ" ಅಂದ. ನಾನಾದರೂ ಸುಮ್ಮನಿರಬೇಕಿತ್ತು. "ಟಿವೀಲಿ ಅಪ್ಪನ್ನ ತೋರ್ಸಿದ್ರೆ ನೀನೂ ಒಂದ್ಸಲ ನೋಡ್ತಿದ್ದೆ ಬುಡು" ಅಂದೆ. ಅಣ್ಣ ಎಲೆ ಬಿಟ್ಟು ಎದ್ದು ಹೋದ. ಅಂದಿನಿಂದ ಫೋನಿಲ್ಲ, ಮಾತಿಲ್ಲ, ಹಬ್ಬವಿಲ್ಲ. ಎದುರು ಸಿಕ್ಕರೆ ಅವನು ಆ ಕಡೆ ನೋಡುತ್ತಿದ್ದ, ನಾನು ಈ ಕಡೆ. ಇದರಲ್ಲಿ ಸಂಕಟಕ್ಕೆ ಸಿಕ್ಕಿದ್ದು ಅಪ್ಪ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವುದು ನಮ್ಮಲ್ಲಿ ದೊಡ್ಡ ಹಬ್ಬ. ಅಣ್ಣ ಅಲ್ಲಿಟ್ಟ, ನಾನು ಇಲ್ಲಿಟ್ಟೆ. ಬದುಕಿದ್ದಾಗ ಅರಕಲಗೂಡಿನ ಬಸ್ ಹತ್ತಿದರೆ ಹೊಟ್ಟೆ ತೊಳೆಸುತ್ತೆ ಅನ್ನುತ್ತಿದ್ದ ಮನುಷ್ಯ, ಸತ್ತ ಮೇಲೆ ಒಂದೇ ಸಂಜೆ ಎರಡು ಊರಲ್ಲಿ ಉಣ್ಣಬೇಕಾಯಿತು!

ಈ ವರ್ಷ ನಮ್ಮ ಶಾಂತಕ್ಕ ಪಟ್ಟು ಹಿಡಿದಳು. ಅವಳನ್ನು ಕೊಟ್ಟಿರುವುದು ದೊಡ್ಡಗದ್ದವಳ್ಳಿಗೆ. ಅಲ್ಲಿಂದ ಅರಕಲಗೂಡಿಗೆ ಹೋಗಿ ಅಣ್ಣನ ಮುಂದೆ ಅತ್ತಳು, ಇಲ್ಲಿಗೆ ಬಂದು ನನ್ನ ಮುಂದೆ ಬೈದಳು. ಅಣ್ಣ ಕೊನೆಗೂ ಒಪ್ಪಿದ, ಒಂದು ಕರಾರಿನ ಮೇಲೆ. ಅಕ್ಕ ಅವನದೇ ಧಾಟಿಯಲ್ಲಿ ಹೇಳಿದಳು: "ಬತ್ತೀನಿ. ಎಡೆ ಇಕ್ಕಿ ಬಾಗ್ಲು ಆಕ್ದ್ಮೇಲೆ ಅವ್ನು ನನ್ ಪಕ್ದಲ್ ಕುಂತಿರ್ಬೇಕು. ಅಪ್ಪ ಉಂಡು ಓಗೋಗಂಟ ಮಿಸುಕ್ಬಾರ್ದು. ಅಷ್ಟು ಆಗ್ದಿದ್ರೆ ಇದೇ ಕೊನೆ."

"ಅಷ್ಟೇ ತಾನೆ?" ಎಂದೆ ನಾನು. ಗೊತ್ತಿಲ್ಲದವರಿಗೆ ಹೇಳಬೇಕು. ಎಡೆ ಎಂದರೆ ಹಿರಿಯರ ಫೋಟೋದ ಮುಂದೆ ಹೊಸ ಪಂಚೆ, ಸೀರೆ ಇಟ್ಟು, ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುವುದು. ಹಿರಿಯರು ಬಂದು ಉಂಡು ಹೋಗುವವರೆಗೆ ಯಾರೂ ಇಣುಕಬಾರದು. ಆಮೇಲೆ ಬಾಗಿಲು ತಟ್ಟಿ, ಕೂಗಿ ಹೇಳಿ ಒಳಗೆ ಹೋಗಬೇಕು. ಎಲೆಯಲ್ಲಿ ಅನ್ನ ಒಂದು ಅಗುಳು ಜರುಗಿದ್ದರೂ ಸಾಕು, "ಬಂದಿದ್ರು ಕಣವ್ವಾ" ಎಂದು ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಎಡೆ ಇಡುವುದು ಅಪ್ಪನ ಕೋಣೆಯಲ್ಲೇ. ಅಂದರೆ ಟಿವಿ ಇರುವ ಕೋಣೆಯಲ್ಲೇ. ಆ ಅಮಾವಾಸ್ಯೆಯ ಸಂಜೆ ಆರೂವರೆಗೇ 'ಶನಿಗ್ರಹದಾಚೆ'ಯ ಕಟ್ಟಕಡೆಯ ಕಂತು ಇತ್ತು!

ಮರುಪ್ರಸಾರ ನೋಡಬಾರದೇ ಎನ್ನುತ್ತೀರಿ. ಮರುಪ್ರಸಾರ ಭಾನುವಾರ. ಅಷ್ಟರೊಳಗೆ ಹಾಸನದ ಲೋಕೇಶ ನನ್ನನ್ನು ಬಿಡುತ್ತಾನೆಯೇ? ನಮ್ಮ ಅಭಿಮಾನಿ ಬಳಗದ ಇನ್ನೊಬ್ಬ ಸದಸ್ಯ ಅವನು. ಒಟ್ಟು ಸದಸ್ಯರು ಇಬ್ಬರೇ. ಕಂತು ಮುಗಿದ ಮರುಗಳಿಗೆಯಲ್ಲೇ "ಗುರುವೇ, ನೌಕೆಯ ಆ ಡಾಕ್ಟ್ರೇ ಕಳ್ಳಿ!" ಎಂದು ಮೆಸೇಜು ಹಾಕುವ ಪಾಪಿ. ಅದಕ್ಕಿಂತ ಹೆಚ್ಚಾಗಿ, ಅಪ್ಪನ ಪ್ರಶ್ನೆಗೆ ಉತ್ತರ ಬರುವ ಸಂಜೆ ಅದು. ಅದನ್ನು ಇನ್ನೊಬ್ಬನ ಮೆಸೇಜಿನಲ್ಲಿ ಓದಲು ನನಗೆ ಮನಸ್ಸಿರಲಿಲ್ಲ.

ಯೋಜನೆ ಹೀಗಿತ್ತು. ಅಣ್ಣ ಮಧ್ಯಾಹ್ನದ ಬಸ್ಸಿಗೆ ಬರುತ್ತಾನೆ. ನಾಲ್ಕಕ್ಕೆ ಎಡೆ, ಐದಕ್ಕೆ ಬಾಗಿಲು ತೆಗೆಯುವುದು, ಆರರೊಳಗೆ ಎಲ್ಲರ ಊಟ, ಆರೂವರೆಗೆ ನಾನು ಮತ್ತು ಜೋರಾನ್. ಕರಾರಿಗೂ ಧಕ್ಕೆಯಿಲ್ಲ, ಕಂತಿಗೂ ಧಕ್ಕೆಯಿಲ್ಲ. ಎಷ್ಟು ಸಲ ಗುಣಿಸಿ ನೋಡಿದರೂ ಲೆಕ್ಕ ಸರಿಯಾಗಿಯೇ ಬರುತ್ತಿತ್ತು.

ಅಣ್ಣನ ಬಸ್ಸು ದಾರಿಯಲ್ಲಿ ಕೆಟ್ಟಿತು! ಅಣ್ಣ ಅತ್ತಿಗೆ ನಮ್ಮ ಹೊಸಲು ತುಳಿದಾಗ ಐದೂವರೆ ದಾಟಿತ್ತು. ಅಣ್ಣನ ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬಾಣ್ಣ" ಎಂದೆ. "ಊಂ" ಎಂದ. ಅಷ್ಟೇ. ಶಾಂತಕ್ಕ ನಮ್ಮಿಬ್ಬರ ಮುಖವನ್ನೂ ಸರದಿಯ ಮೇಲೆ ನೋಡುತ್ತಾ ಉಸಿರು ಬಿಗಿ ಹಿಡಿದಿದ್ದಳು. ಎಲೆ ಹಾಸಿ, ಮುದ್ದೆ, ಮಟನ್ ಸಾರು, ಚಾಪ್ಸು, ವಡೆ, ಕಜ್ಜಾಯ, ಕೋಡುಬಳೆ ಎಲ್ಲ ಬಡಿಸಿ, ಧೂಪ ಹಾಕಿ ಬಾಗಿಲು ಮುಚ್ಚುವಷ್ಟರಲ್ಲಿ ಗಡಿಯಾರ ಆರೂವರೆ ಮುಟ್ಟಿತ್ತು. ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಅಣ್ಣ ಕೂತ. ಪಕ್ಕದಲ್ಲಿ ನಾನು ಕೂತೆ. ಇಬ್ಬರ ಮಧ್ಯೆ ಇನ್ನೊಬ್ಬ ಕೂರುವಷ್ಟು ಜಾಗ ಇತ್ತು.

ನನ್ನ ದೇಹ ಚಾಪೆಯ ಮೇಲಿತ್ತು. ಮನಸ್ಸು ಶನಿಗ್ರಹದ ಹತ್ತಿರ. ಈಗ ಶುರುವಾಯಿತು, ಈಗ ನೌಕೆಯ ಇಂಧನ ಮುಗಿಯುತ್ತಿದೆ, ಈಗ ಆ ಡಾಕ್ಟರಮ್ಮ ಬಾಗಿಲು ಜಡಿದಿರಬೇಕು ಎಂದು ಒಳಗೇ ಕುದಿಯುತ್ತಿದ್ದೆ. ಕೊನೆಯ ಕಾಲು ಗಂಟೆಯಾದರೂ ನೋಡದಿದ್ದರೆ ಜೀವ ಹೋಗುತ್ತದೆ ಎನಿಸಿತು. ಆಗ ಹೊಳೆಯಿತು. ಕೋಣೆಗೆ ಹಿತ್ತಲ ಕಡೆ ಇನ್ನೊಂದು ಬಾಗಿಲಿದೆ! ಟಿವಿಯ ಸದ್ದು ಕಿವಿಗೆ ಮಾತ್ರ ಬರುವ ಪುಟ್ಟ ಇಯರ್‌ಬಡ್ಡು ಜೇಬಿನಲ್ಲೇ ಇದೆ. ಹೋದೆ, ನೋಡಿದೆ, ಬಂದೆ. ಅಷ್ಟರೊಳಗೆ ಯಾವ ಪಿತೃವೂ ಊಟ ಮುಗಿಸಲಾರರು.

"ಅಯ್ಯೋ, ಅಂಗ್ಡಿ ಶಟರ್ ಎಳ್ದೇ ಬಂದಿಲ್ಲ ಕಣೇ! ಒಂದ್ಗಳಿಗೆ ಓಗಿ ಬಂದ್ಬುಟ್ಟೆ" ಎಂದು ಎದ್ದೆ. ಸುಧಾ ಕಣ್ಣು ಬಿಟ್ಟಳು. ಅಕ್ಕ ಹಣೆ ಚಚ್ಚಿಕೊಂಡಳು. ಅಣ್ಣ ನನ್ನ ಕಡೆ ನೋಡಲೂ ಇಲ್ಲ. ಈಗ ಯೋಚಿಸಿದರೆ, ಅವನು ನೋಡದೇ ಇದ್ದದ್ದನ್ನಾದರೂ ನಾನು ನೋಡಬೇಕಿತ್ತು.

ಬಾಗಿಲಿಂದ ಹೊರಬಿದ್ದು, ಮನೆ ಸುತ್ತಿ, ಹಿತ್ತಲ ಬಾಗಿಲು ಸದ್ದಿಲ್ಲದೆ ತಳ್ಳಿ ಒಳಗೆ ನುಗ್ಗಿದೆ. ದೀಪದ ಬೆಳಕಿನಲ್ಲಿ ಅಪ್ಪ ಅಮ್ಮನ ಫೋಟೋ. ಅಪ್ಪ ನನ್ನನ್ನೇ ನೋಡುತ್ತಿದ್ದರು. "ಎಲ್ಲಾ ನಿನ್ನ ಪ್ರಶ್ನೆಗೇ ಕಣಪ್ಪ" ಎಂದು ಪಿಸುಗುಟ್ಟಿ, ಒಂದು ಕಿವಿಗೆ ಬಡ್ಡು ಸಿಕ್ಕಿಸಿ, ಟಿವಿ ಹಾಕಿ, ಎಡೆಯ ಪಕ್ಕ ನೆಲದಲ್ಲೇ ಕೂತೆ. ಪರದೆಯ ಮೇಲೆ ಜೋರಾನ್ ಬೆವರುತ್ತಿದ್ದ. ಇನ್ನೊಂದು ಕಿವಿಗೆ ಹಿತ್ತಲಲ್ಲಿ ಸುಧಾಳ ದನಿ ಕೇಳಿಸಿತು. "ಅಯ್ಯೋ, ಈ ಬಾಗ್ಲು ಅಂಗೇ ಬುಟ್ಟವ್ರಲ್ಲ, ನಾಯಿ ನುಗ್ಗಿ ಎಡೆ ಮುಟ್ಬುಟ್ರೆ?" ಹೊರಗಿನ ಚಿಲಕ ಕಟಾರನೆ ಬಿತ್ತು!

ಮುಂದಿನ ಬಾಗಿಲಲ್ಲಿ ಇಡೀ ವಂಶ, ಹಿಂದಿನ ಬಾಗಿಲಲ್ಲಿ ಚಿಲಕ. ಕಿಟಕಿಗೆ ಕಂಬಿ. ಆ ಹೊತ್ತಿಗೆ ಸರಿಯಾಗಿ ನೌಕೆಯಲ್ಲೂ ಕೆಂಪು ದೀಪ ಮಿಣುಕಿ, "ಎಲ್ಲ ದ್ವಾರಗಳೂ ಮುಚ್ಚಿವೆ, ಕ್ಯಾಪ್ಟನ್" ಎಂದಿತು ಒಂದು ಹೆಣ್ಣುದನಿ. ನನಗೆ ಅಂಗಾಲು ಬೆವರಿತು. ನನಗೊಂದು ಕೆಟ್ಟ ಅಭ್ಯಾಸವಿದೆ. ಹೆದರಿಕೆಯಾದರೆ ಬಾಯಾಡಿಸುತ್ತೇನೆ. ರೋಚಕ ದೃಶ್ಯ ಬಂದರೂ ಬಾಯಾಡಿಸುತ್ತೇನೆ. ಅವತ್ತು ಎರಡೂ ಒಟ್ಟಿಗೇ ಬಂದಿದ್ದವು. ಕಣ್ಣು ಟಿವಿಯ ಮೇಲಿತ್ತು, ಕಿವಿ ಬಾಗಿಲ ಮೇಲಿತ್ತು, ಕೈ ಎಲ್ಲಿತ್ತೋ ನನಗೆ ತಿಳಿಯದು. ನೌಕೆ ಉಲ್ಕೆಯ ಹಿಂಡನ್ನು ದಾಟಿದಾಗ ನಾನು ನಿಟ್ಟುಸಿರು ಬಿಟ್ಟು ಕೆಳಗೆ ನೋಡುತ್ತೇನೆ, ಎಲೆಯ ಮೇಲೆ ಕೋಡುಬಳೆ ಇಲ್ಲ! ವಡೆ ಇಲ್ಲ! ಚಾಪ್ಸಿನ ಜಾಗದಲ್ಲಿ ಒಂದು ಮೂಳೆ ಇತ್ತು. ಅಂಥಿಂಥ ಮೂಳೆಯಲ್ಲ, ಮಜ್ಜೆ ಹೀರಿ, ಚೀಪಿ, ಫಳಫಳ ಹೊಳೆಯುವ ಹಾಗೆ ಮಾಡಿಟ್ಟ ಮೂಳೆ. ನನ್ನ ಬಲಗೈಯಲ್ಲಿ ಅರ್ಧ ಕಜ್ಜಾಯ ಇತ್ತು. ಇನ್ನರ್ಧ ಬಾಯಲ್ಲಿತ್ತು.

ದೇವರೇ! ಅಪ್ಪನ ಎಡೆಯನ್ನು ಉಂಡುಬಿಟ್ಟಿದ್ದೆ! ಗಾಬರಿಯಲ್ಲಿ ಕೈ ಒರೆಸಿಕೊಂಡೆ. ಒರೆಸಿಕೊಂಡ ಮೇಲೆ ನೋಡಿದರೆ ಅದು ಅಪ್ಪನಿಗೆಂದು ಇಟ್ಟ ಹೊಸ ಪಂಚೆ. ಹಾಲಿನಂಥ ಬಿಳಿ ಪಂಚೆಯ ಮೇಲೆ ಮಸಾಲೆಯ ಐದು ಬೆರಳು!

ಆಗ ಹೊರಗೆ ಅಣ್ಣನ ದನಿ ಏರಿತು.

"ಎಲ್ಲವ್ನೆ ನಿನ್ ತಮ್ಮ? ಶಟರ್ ಎಳ್ಯಕ್ಕೆ ಇಷ್ಟೊತ್ತಾ?"

"ಬತ್ತಾನೆ ಕಣಣ್ಣ, ಕೂತ್ಕೊ" ಎಂದಳು ಅಕ್ಕ.

"ಅಪ್ಪ ಇದ್ದಾಗ್ಲೂ ಇಂಗೇ, ಓದ್ಮೇಲೂ ಇಂಗೇ. ಒಂದು ಗಳಿಗೆ ನನ್ ಪಕ್ದಲ್ ಕೂರಕ್ಕಾಗ್ಲಿಲ್ಲ ಅವ್ನಿಗೆ. ನಾನ್ ಬಂದದ್ದೇ ತಪ್ಪು. ಎದ್ದೇಳೇ," ಎಂದು ಅತ್ತಿಗೆಗೆ ಹೇಳಿದ, "ಕೊನೇ ಬಸ್ಸು ಸಿಕ್ತದೆ. ಇನ್ ಈ ಮನೆ ಹೊಸಲು ತುಳಿದ್ರೆ ಕೇಳು."

ಚಾಪೆಯಿಂದ ಏಳುವ ಸದ್ದು. ಚಪ್ಪಲಿ ಎಳೆದುಕೊಳ್ಳುವ ಸದ್ದು. ಅಕ್ಕ ಅಳಲು ಶುರು ಮಾಡಿದಳು. ಕೂಗಿಬಿಡೋಣ ಎಂದುಕೊಂಡೆ. ಎಡೆಯ ಕೋಣೆಯಿಂದ ಏನೆಂದು ಕೂಗಲಿ? "ಅಣ್ಣಾ ಓಗ್ಬೇಡ, ನಾನ್ ಇಲ್ಲೇ ಅಪ್ಪನ ಚಾಪ್ಸು ತಿಂತಾ ಇವ್ನಿ" ಎನ್ನಲೇ? ಬಾಯಿ ತೆರೆದೆ. ಒಳಗಿದ್ದ ಅರ್ಧ ಕಜ್ಜಾಯ ಅದೇ ಗಳಿಗೆಯಲ್ಲಿ ಗಂಟಲಿಗೆ ಅಡ್ಡ ಸಿಕ್ಕಿಕೊಂಡಿತು.

ಖೊಕ್! ಖೊಕ್ ಖೊಕ್ ಖೊಕ್!

ಹೊರಗೆ ಚಪ್ಪಲಿ ನಿಂತಿತು, ಅಳು ನಿಂತಿತು.

"ಅಪ್ಪಯ್ಯಾ..." ಎಂದಳು ಶಾಂತಕ್ಕ, ಉಸಿರಿನಲ್ಲಿ.

ನಮ್ಮ ಮನೆಯಲ್ಲಿ ಎಲ್ಲ ಗಂಡಸರ ಕೆಮ್ಮೂ ಒಂದೇ ಅಚ್ಚಿನದು ಎಂದು ಅಮ್ಮ ಹೇಳುತ್ತಿದ್ದಳು. ಅದು ಇಂಥ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು? ನಾನು ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಉಸಿರಾಡದೆ ಕೂತೆ. ಹೆಜ್ಜೆಗಳು ಬಾಗಿಲ ಹತ್ತಿರ ಬಂದವು. ಅಣ್ಣ ಹಲಗೆಗೆ ಬಾಯಿಟ್ಟೇ ಮಾತಾಡಿದನೆಂದು ಕಾಣುತ್ತದೆ. ಅಷ್ಟು ಹತ್ತಿರದಿಂದ ಕೇಳಿಸಿತು.

"ಅಪ್ಪಾ, ನಾನು ಪುಟ್ಟಸ್ವಾಮಿ. ಬಂದಿವ್ನಿ ಕಣಪ್ಪ."

ಒಂದು ಕಿವಿಯಲ್ಲಿ ಅಣ್ಣ. ಇನ್ನೊಂದು ಕಿವಿಯಲ್ಲಿ ಜೋರಾನ್. ಕ್ಯಾಪ್ಟನ್ನನ ಎದುರಿಗೆ ಭೂಮಿ ನೀಲಿ ಗೋಲಿಯಷ್ಟು ಕಾಣುತ್ತಿತ್ತು. ಅವನ ಕೈ ನೌಕೆ ಇಳಿಸುವ ಹಿಡಿಯ ಮೇಲಿತ್ತು. ಇಡೀ ನಾಲ್ಕು ಭಾಗ ಈ ಒಂದು ಗಳಿಗೆಗೋಸ್ಕರ ಕಾದಿದ್ದೆ.

"ಅವತ್ತು ನೆಂಟ್ರ ಮುಂದೆ ಅಂಗಂದೆ. ನಂಗೊತ್ತಿತ್ತಪ್ಪ, ನಿನ್ನ ಎತ್ತಿ ಕೂರ್ಸಿ, ತೊಳ್ದು, ಬಳ್ದು ಮಾಡ್ದೋನು ಅವ್ನೇ ಅಂತ. ನಾನ್ ಬರ್ಲಿಲ್ವಲ್ಲ ಅನ್ನೋ ಉರೀಲಿ ಅಂದ್ಬುಟ್ಟೆ. ಆಮ್ಯಾಕೆ ನಾಲ್ಗೆ ತಿರುಗ್ಲಿಲ್ಲ."

ನಾನು ಕಿವಿಯಿಂದ ಬಡ್ಡು ಕಿತ್ತೆಸೆದೆ. ಟಿವಿಗೆ ಬೆನ್ನು ತಿರುಗಿಸಿದೆ.

"ಅವ್ನು ನನ್ನ ಕ್ಷಮಿಸ್ತಾನೇನಪ್ಪ? ನೀನ್ ಏಳಿದ್ರೆ ಕೇಳ್ತಾನೆ. ಆಯ್ತು ಅನ್ನೋದಾದ್ರೆ ಒಂದ್ಸಲ ಕೆಮ್ಮಪ್ಪ."

ಅಷ್ಟೂ ಜನ ಹೊರಗೆ ಉಸಿರು ಹಿಡಿದು ಕಾದರು. ನಾನು ಅಪ್ಪನ ಫೋಟೋ ನೋಡಿದೆ. ಅಪ್ಪ ಏನೂ ಸಹಾಯ ಮಾಡುವ ಹಾಗೆ ಕಾಣಲಿಲ್ಲ. ಸುಳ್ಳು ಹೇಳಿದಂತಾಗುತ್ತದೆಯೇ, ಪಾಪ ಬರುತ್ತದೆಯೇ ಎಂದೆಲ್ಲ ಒಂದು ಕ್ಷಣ ತಲೆಯಲ್ಲಿ ಸುಳಿಯಿತು. ಆಮೇಲೆ, ಬರಲಿ ಹಾಳಾದ್ದು ಎಂದುಕೊಂಡು ಒಂದು ಸಲ, ಸ್ಪಷ್ಟವಾಗಿ, ಮರ್ಯಾದೆಯಿಂದ ಕೆಮ್ಮಿದೆ.

ಹೊರಗೆ ಅಣ್ಣ ಗೊಳೋ ಎಂದು ಅತ್ತ. ಜೀವಮಾನದಲ್ಲಿ ಅವನು ಅತ್ತದ್ದನ್ನು ನಾನು ಕೇಳಿರಲಿಲ್ಲ.

ಕಣ್ಣೊರೆಸಿಕೊಂಡು ಟಿವಿಯ ಕಡೆ ತಿರುಗಿದರೆ, ಕಪ್ಪು ಪರದೆಯ ಮೇಲೆ ಹೆಸರುಗಳು ಸಾಲಾಗಿ ಮೇಲಕ್ಕೆ ಹೋಗುತ್ತಿದ್ದವು. ಮುಗಿದಿತ್ತು! ಮೇಕಪ್ ಮಾಡಿದವನ ಹೆಸರು ಗೊತ್ತಾಯಿತು. ಜೋರಾನ್ ಏನಾದನೋ ಗೊತ್ತಾಗಲಿಲ್ಲ.

ಅಳಲು ಪುರುಸೊತ್ತಿರಲಿಲ್ಲ. "ಉಂಡ್ರಾ ಅಪ್ಪಯ್ಯಾ? ಬಾಗ್ಲು ತೆಗೀತೀವಿ" ಎಂದು ಅಕ್ಕ ಬಾಗಿಲು ತಟ್ಟಿದಳು. ಟಿವಿ ಆರಿಸಿ, ಒಂದೇ ನೆಗೆತಕ್ಕೆ ಅಪ್ಪನ ಮಂಚದ ಕೆಳಗೆ ನುಗ್ಗಿದೆ. ಅಲ್ಲಿ ಜೇಡರ ಬಲೆ, ಹಳೇ ಕೆಮ್ಮಿನ ಸಿರಪ್ಪಿನ ಬಾಟಲಿ, ಒಂಟಿ ಚಪ್ಪಲಿ. ಬಾಗಿಲು ತೆರೆಯಿತು. ನನಗೆ ಕಾಣುತ್ತಿದ್ದದ್ದು ಬರೀ ಪಾದಗಳು.

"ಅಯ್ಯೋ ಶಿವನೇ! ಎಲೆ ನೋಡ್ರೇ!" ಎಂದಳು ಅಕ್ಕ. "ವಡೆ ತಿಂದವ್ರೆ! ಕೋಡುಬಳೆ ತಿಂದವ್ರೆ! ಮೂಳೇನೂ ಚೀಪವ್ರೆ!"

"ಮಾವಂಗೆ ಹಲ್ಲೇ ಇರ್ಲಿಲ್ವಲ್ಲ ಅತ್ಗೆ?" ಇದು ಸುಧಾ. ನನ್ನ ಹೆಂಡತಿಗೆ ಇಂಥ ಹೊತ್ತಲ್ಲೂ ತಲೆ ಓಡುತ್ತದೆ ನೋಡಿ!

"ಮೇಲ್ ಓದ್ಮೇಲೆ ಹಲ್ಲು ಬಂದದೆ ಕಣೇ. ಅಲ್ಲಿ ಏನ್ ಕಮ್ಮಿ?" ಎಂದಳು ಅಕ್ಕ. "ಪಂಚೆ ನೋಡಿಲ್ಲಿ, ಕೈ ಒರಸ್ಕೊಂಡು ಓಗವ್ರೆ ನಮ್ಮಪ್ಪ!"

ಅಣ್ಣನ ಪಾದಗಳು ಫೋಟೋದ ಮುಂದೆ ಬಂದು ನಿಂತವು. ಮಂಡಿ ಊರಿದ. ಆಮೇಲೆ ನಾನು ಎಣಿಸಿರದ ಕೆಲಸ ಮಾಡಿದ. ನೆಲಕ್ಕೆ ಉದ್ದುದ್ದ ಅಡ್ಡಬಿದ್ದ! ನಮ್ಮಣ್ಣ ಅಡ್ಡಬಿದ್ದರೆ ಅರ್ಧಂಬರ್ಧ ಬೀಳುವವನಲ್ಲ. ಕೆನ್ನೆ ನೆಲಕ್ಕೆ ತಾಗಿಸುತ್ತಾನೆ. ಕೆನ್ನೆ ತಾಗಿಸಿ, ಮುಖ ಮಂಚದ ಕಡೆ ತಿರುಗಿಸಿ, ಮೆಲ್ಲಗೆ ಕಣ್ಣು ತೆರೆದ.

ಕಣ್ಣಿಗೆ ಕಣ್ಣು ಬಿತ್ತು. ನಡುವೆ ಒಂದು ಮೊಳ ಜಾಗ, ಒಂದು ಒಂಟಿ ಚಪ್ಪಲಿ. ನನ್ನ ಮೀಸೆಯ ಮೇಲೆ ಕಜ್ಜಾಯದ ಗಸಗಸೆ.

ನಾನು ಕೈ ಮುಗಿಯಲು ನೋಡಿದೆ. ಮಂಚದ ಕೆಳಗೆ ಅಷ್ಟು ಜಾಗವಿರಲಿಲ್ಲ. ಅಣ್ಣನ ಕಣ್ಣು ಮೊದಲು ದೊಡ್ಡದಾಯಿತು, ಆಮೇಲೆ ಸಣ್ಣದಾಯಿತು. ಈಗ ಕೂಗುತ್ತಾನೆ, ಈಗ ಕಾಲು ಹಿಡಿದು ಎಳೆಯುತ್ತಾನೆ, ಈಗ ಆ ಕೊನೇ ಬಸ್ಸು ಹತ್ತುತ್ತಾನೆ ಎಂದು ಕಾದೆ. ಅಣ್ಣ ಏಳಲಿಲ್ಲ. "ಪಾಪ, ಅಪ್ಪನ್ನ ಬುಟ್ಟು ಏಳಕ್ಕೆ ಮನ್ಸಿಲ್ಲ ಅವ್ನಿಗೆ" ಎಂದು ಅಕ್ಕ ಮೂಗೊರೆಸಿಕೊಂಡಳು.

ಕೊನೆಗೆ ಎದ್ದ. "ಅಪ್ಪ ಒಟ್ಟೆ ತುಂಬ ಉಂಡವ್ರೆ," ಎಂದ, ಬಿಗಿಯಾದ ದನಿಯಲ್ಲಿ. "ಎಲ್ಲಾರೂ ಆಚ್ಕೆ ನಡೀರಿ. ಎಲೆ ಹಾಕಿ. ನಾನು ವಸಿ ಒತ್ತು ಅಪ್ಪನ್ತಾವ ಮಾತಾಡ್ಬೇಕು." ಬಾಗಿಲು ಮುಚ್ಚಿತು.

"ಬಾರ್ಲಾ ಆಚ್ಕೆ."

ತೆವಳಿಕೊಂಡು ಬಂದೆ. ಅಣ್ಣ ಮಂಚದ ಮೇಲೆ ಕೂತಿದ್ದ.

"ಕೆಮ್ಮಿದ್ದು?"

"ನಾನೇ."

"ಎರಡ್ನೇ ಸಲ?"

"ಅದೂ ನಾನೇ."

ಅಣ್ಣ ಎಲೆಯನ್ನು ನೋಡಿದ, ಫೋಟೋ ನೋಡಿದ. "ಅಂಗಾರೆ ಅಪ್ಪ ಬರ್ಲಿಲ್ಲ," ಎಂದ. ಮೆತ್ತಗೆ ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅಣ್ಣ, ಮೊದಲ್ನೇದು ಕಜ್ಜಾಯ ಸಿಗಾಕ್ಕೊಂಡು ಬಂದದ್ದು. ಎರಡ್ನೇದು ನಾನು ಬೇಕೂಂತ್ಲೇ ಕೆಮ್ಮಿದ್ದು ಕಣಣ್ಣ. ಅವತ್ತು ನಾನೂ ಅಂಗೆ ಅನ್ಬಾರ್ದಿತ್ತು."

ಅವನು ನನ್ನ ಮುಖವನ್ನೇ ನೋಡಿದ. ಜೇಡರ ಬಲೆ ನೋಡಿದ, ಗಸಗಸೆ ನೋಡಿದ. ಆಮೇಲೆ ಮಂಚ ಅಲುಗಾಡಲು ಶುರುವಾಯಿತು. ಬಾಯಿಗೆ ಟವಲ್ಲು ತುರುಕಿಕೊಂಡು ನಗುತ್ತಿದ್ದಾನೆ ನಮ್ಮಣ್ಣ! "ಮೂಳೇನೂ ಬುಡ್ಲಿಲ್ವಲ್ಲೋ ಹೊಟ್ಟೆಬಾಕ! ಅಪ್ಪನ ಮಾನ ಕಳ್ದ್ಬುಟ್ಟೆ!" ಹೊರಗೆ ಅಕ್ಕ, "ಅಳ್ಲಿ ಬುಡ್ರೇ, ಒಳಗಿರೋದೆಲ್ಲ ಓಗ್ಲಿ" ಎನ್ನುವುದು ಕೇಳಿಸಿತು.

"ಇಷ್ಟಕ್ಕೂ ಆ ಟಿವೀಲಿ ಏನಿತ್ಲಾ ಅಂಥಾದ್ದು?" ಎಂದ ನಗು ತಡೆದ ಮೇಲೆ.

ಹೇಳಿದೆ. ಜೋರಾನನ ಕಥೆ, ಅಪ್ಪನ ಕಜ್ಜಾಯ, ಅಪ್ಪನ ಪ್ರಶ್ನೆ. ಅಣ್ಣ ನಗು ಬಿಟ್ಟು ಕೇಳಿದ.

"ಅಪ್ಪನೂ ನೋಡ್ತಿದ್ರಾ?"

"ದಿನಾ. ನೀನು ಈಗ ಕುಂತಿರೋ ಜಾಗ್ದಲ್ಲೇ."

ಅಣ್ಣ ಮಂಚದ ಮೇಲೆ ಅಂಗೈ ಆಡಿಸಿದ. "ಓದ್ನಾ ಕೊನೀಗೆ ಊರಿಗೆ?"

"ಗೊತ್ತಿಲ್ಲ ಕಣಣ್ಣ. ಆಗ್ಲೇ ನೀನ್ ಮಾತಾಡ್ತಿದ್ದೆ."

ಅವನೇ ಹಿತ್ತಲ ಕಡೆಯಿಂದ ಬಂದು ಚಿಲಕ ತೆಗೆದ. ನಾನು ಮನೆ ಸುತ್ತಿ, ಮುಂಬಾಗಿಲಿಂದ, ಏದುಸಿರು ಬಿಡುತ್ತಾ ಪ್ರವೇಶ ಮಾಡಿದೆ. ನನ್ನ ನಟನೆ ಅಮೋಘವಾಗಿತ್ತು. "ಶಟರ್ ಸಿಗಾಕ್ಕೊಂಡಿತ್ತು ಕಣೇ" ಎಂದೆ. ಸುಧಾ ನನ್ನ ತಲೆಯ ಮೇಲಿಂದ ಜೇಡರ ಬಲೆ ತೆಗೆದಳು.

ಊಟಕ್ಕೆ ಅಣ್ಣ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡ. ಈ ಸಲ ಮಧ್ಯೆ ಜಾಗ ಇರಲಿಲ್ಲ. ನನ್ನ ಹೊಟ್ಟೆಯಲ್ಲೂ ಜಾಗ ಇರಲಿಲ್ಲ! ಅಣ್ಣ ಬಿಡಬೇಕಲ್ಲ. "ಇನ್ನೊಂದು ಮುದ್ದೆ ಇಕ್ಕಮ್ಮ ಸುಧಾ. ಪಾಪ, ಅಂಗ್ಡಿಯಿಂದ ಅಸ್ದು ಬಂದವ್ನೆ. ಚಾಪ್ಸು ಆಕು. ಮೂಳೆ ಅಂದ್ರೆ ಪ್ರಾಣ ಇವ್ನಿಗೆ." ನಾನು ಬೆವರುತ್ತಾ ನುಂಗಿದೆ. ಸುಧಾ ಬಡಿಸುತ್ತಾ ಬಂದು, ಉಪ್ಪು ಇಡುವ ಜಾಗದಲ್ಲಿ, ಎಲೆಯ ತುದಿಗೆ ಏನನ್ನೋ ಇಟ್ಟಳು. ನೋಡಿದರೆ ನನ್ನ ಇಯರ್‌ಬಡ್ಡು. ಅದಕ್ಕೆ ಒಂದು ಅನ್ನದ ಅಗುಳು ಅಂಟಿತ್ತು.

"ಮಾವ ಎಲೆ ಮೇಲೆ ಮರ್ತು ಓಗವ್ರೆ," ಎಂದಳು, ನನಗೆ ಮಾತ್ರ ಕೇಳಿಸುವ ಹಾಗೆ. "ಪಂಚೆ ನೀವೇ ಒಗೀಬೇಕು."

ಒಗೆದೆ. ಕಲೆ ಹೋಗಲಿಲ್ಲ. ಶಾಂತಕ್ಕ ಆ ಐದು ಬೆರಳಿನ ಪಂಚೆಯನ್ನು ದೊಡ್ಡಗದ್ದವಳ್ಳಿಗೆ ತೆಗೆದುಕೊಂಡು ಹೋಗಿ ಪೆಟ್ಟಿಗೆಯಲ್ಲಿಟ್ಟು, ಬಂದವರಿಗೆಲ್ಲ ತೋರಿಸುತ್ತಿದ್ದಾಳಂತೆ. ಕೈ ಮುಗಿಯುವವರೂ ಇದ್ದಾರಂತೆ. ನನ್ನ ಕೈಗೆ ಬದುಕಿರುವಾಗಲೇ ಇಷ್ಟು ಗೌರವ ಸಿಗುತ್ತದೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ.

ಉಳಿದದ್ದು ಜೋರಾನ್. ಆ ವಾರ ನಾನು ತಪಸ್ವಿಯ ಹಾಗೆ ಬದುಕಿದೆ. ಲೋಕೇಶನ ನಂಬರನ್ನು ಬ್ಲಾಕ್ ಮಾಡಿದೆ. ಅವನು ಖುದ್ದಾಗಿ ಅಂಗಡಿಗೇ ಬಂದಾಗ ಎರಡೂ ಕಿವಿ ಮುಚ್ಚಿಕೊಂಡು ಶಟರ್ ಎಳೆದೆ, ಈ ಸಲ ನಿಜವಾಗಿಯೂ ಎಳೆದೆ. ಭಾನುವಾರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮರುಪ್ರಸಾರ ಇತ್ತು. ಬೆಳಿಗ್ಗೆಯದಕ್ಕೆ ಸುಧಾ ಸರಿಯಾದ ಮುಹೂರ್ತ ನೋಡಿ ಕಲ್ಲು ಹಾಕಿದಳು. ಚನ್ನರಾಯಪಟ್ಟಣದಲ್ಲಿ ಅವಳ ಚಿಕ್ಕಮ್ಮನ ಮಗಳ ಮನೆಯ ಗೃಹಪ್ರವೇಶ! "ಬರಲ್ಲ ಅಂದ್ರೆ ಚಾಪ್ಸಿನ ಕಥೆ ಶಾಂತಕ್ಕಂಗೆ ಏಳ್ತೀನಿ" ಎಂದಳು. ಹೋದೆ. ಪರವಾಗಿಲ್ಲ, ಸಂಜೆಯದು ಉಂಟಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಊಟಕ್ಕೆ ಕೂತಿದ್ದೆ. ಫೋನು ಬಡಿದುಕೊಂಡಿತು. ಪರದೆಯ ಮೇಲೆ 'ಅಣ್ಣ' ಎಂದಿತ್ತು. ತಿಥಿಯ ದಿನದಿಂದ ಆ ಹೆಸರು ಅಲ್ಲಿ ಹೊಳೆದಿರಲಿಲ್ಲ. ಎಡಗೈಯಲ್ಲೇ ಗಬಕ್ಕನೆ ಎತ್ತಿದೆ.

"ಲೇ," ಎಂದ ಅಣ್ಣ. ಖುಷಿಯಲ್ಲಿ ಕೂಗುತ್ತಿದ್ದ. "ಈಗ ತಾನೆ ಟಿವೀಲಿ ನೋಡ್ದೆ ಕಣ್ಲಾ. ನಿನ್ ಕ್ಯಾಪ್ಟನ್ನು ಊರು ಸೇರ್ಕಂಡ! ಕೊನೀಗೆ ಆ ಡಾಕ್ಟ್ರಮ್ಮ ಸತ್ತೋಯ್ತಾಳೆ, ಇವ್ನು ಒಬ್ನೇ ಮನೆ ಬಾಗ್ಲು ತಟ್ತಾನೆ, ಅಷ್ಟೇಯ. ಅಪ್ಪನ ಫೋಟೋಕ್ಕೂ ಏಳ್ಬುಟ್ಟೆ. ಯಾಕ್ಲಾ, ಮಾತಾಡು? ತಪ್ಪಾಯ್ತೇನ್ಲಾ ಏಳಿದ್ದು? ಆಗಿದ್ರೆ ಕ್ಷಮಿಸ್ತೀಯಾ?"

ನಾಲ್ಕು ಭಾಗ, ಒಂದು ವಾರದ ತಪಸ್ಸು, ಒಂದು ಹೊಸ ಪಂಚೆ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಬಾಯಲ್ಲಿದ್ದ ಹೋಳಿಗೆಯನ್ನು ಮೊದಲು ನುಂಗಿಕೊಂಡೆ. ಆಮೇಲೆ ಫೋನಿಗೆ ಒಂದು ಸಲ ಕೆಮ್ಮಿದೆ.